ಕಡ್ಡಾಯ ಜಪಾನೀಸ್ ಪತ್ರಿಕೆಯನ್ನು ಕನ್ನಡ ಮಾಧ್ಯಮದಿಂದ ಬಂದವನು ದಾಟುವುದು ಹೇಗೆ?

ಪಾಂಡವಪುರದ ಹುಡುಗ:

ಎಲ್ಲರಿಗೂ ನಮಸ್ಕಾರ. ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರಿಂದ ದಿನವೂ ರೈಲಿನಲ್ಲಿ ಮೈಸೂರಿಗೆ ಬಂದು ಎಂಜಿನಿಯರಿಂಗ್ ಓದುತ್ತಿರುವ ಮೂರನೇ ಸೆಮಿಸ್ಟರಿನ ವಿದ್ಯಾರ್ಥಿ ನಾನು. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಪಿಯುಸಿಯ ಎರಡು ವರ್ಷ ಇಂಗ್ಲಿಷಿನೊಡನೆ ಗುದ್ದಾಡಿ, ಈಗ ತಾಂತ್ರಿಕ ವಿಷಯಗಳನ್ನು ಹೇಗೋ ಇಂಗ್ಲಿಷಿನಲ್ಲಿ ಓದಿ ಬರೆಯುವ ಮಟ್ಟಕ್ಕೆ ಬಂದಿದ್ದೇನೆ. ನಮ್ಮ ಕಾಲೇಜಿನಲ್ಲಿ ಈ ಸೆಮಿಸ್ಟರಿನಿಂದ ಒಂದು ವಿದೇಶಿ ಭಾಷೆ ಕಡ್ಡಾಯ. ಜರ್ಮನ್ ಮತ್ತು ಜಪಾನೀಸ್ ಎಂಬ ಎರಡೇ ಆಯ್ಕೆಗಳಿದ್ದವು. ನಾನು ಅರ್ಜಿ ತುಂಬುವ ಹೊತ್ತಿಗೆ ಜರ್ಮನ್ ತರಗತಿ ಭರ್ತಿಯಾಗಿತ್ತು.

ಮೊದಲ ಇಂಟರ್ನಲ್ಸ್‌ನಲ್ಲಿ ನನಗೆ 50ಕ್ಕೆ 11 ಅಂಕ ಬಂದಿದೆ. ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಬೋರ್ಡಿನ ಮೇಲೆ ಬರೆಯುವ ಜಪಾನೀಸ್ ಪದಗಳೂ ಸದ್ಯಕ್ಕೆ ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತವೆ. ಜಪಾನೀಸ್ ವಾಕ್ಯವನ್ನು ಇಂಗ್ಲಿಷಿಗೆ ತಂದುಕೊಂಡು, ಅದನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡು, ಅರ್ಥವಾದ ಮೇಲೆ ಬಂದ ದಾರಿಯಲ್ಲೇ ವಾಪಸ್ಸು ಹೋಗಿ ಉತ್ತರ ಕಟ್ಟುವಷ್ಟರಲ್ಲಿ ತರಗತಿ ಮುಂದಿನ ಪುಟದಲ್ಲಿರುತ್ತದೆ. ಪಕ್ಕದಲ್ಲಿ ಕೂರುವ ಇಂಗ್ಲಿಷ್ ಮಾಧ್ಯಮದ ಗೆಳೆಯರಿಗೆ ಒಂದು ದಾಟು, ನನಗೆ ಎರಡು ದಾಟು.

ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೇಳಿಸಿಕೊಂಡು ಚಿತ್ರಕ್ಕೆ ಗುರುತು ಹಾಕುವ ಪ್ರಶ್ನೆಯಲ್ಲಿ, ತನಕಾ ಎಂಬಾತ ತನ್ನ ಮನೆಯವರನ್ನು ಒಬ್ಬೊಬ್ಬರಾಗಿ ಪರಿಚಯಿಸುತ್ತಾನೆ. ಅಜ್ಜಿಯ ಚಿತ್ರಕ್ಕೆ ಹಾಕಬೇಕಾದ ಗುರುತನ್ನು ನಾನು ಅತ್ತೆಯ ಚಿತ್ರಕ್ಕೆ ಹಾಕಿ ಬಂದೆ. ಮನೆಗೆ ಬಂದು ನೋಟ್‌ಬುಕ್ ತೆರೆದು ನೋಡಿದರೆ ಎರಡೂ ಪದಗಳನ್ನು ಒಂದೇ ಇಂಗ್ಲಿಷ್ ಕಾಗುಣಿತದಲ್ಲಿ ಬರೆದುಕೊಂಡಿದ್ದೇನೆ. ಹೀಗೇ ಮುಂದುವರಿದರೆ ಬ್ಯಾಕ್‌ಲಾಗ್ ಖಂಡಿತ. ಉರು ಹೊಡೆದು ಪಾಸಾಗುವ ಪತ್ರಿಕೆಯೇ ಇದು, ಅಥವಾ ಬೇರೆ ದಾರಿಯೇನಾದರೂ ಇದೆಯೇ? ಓದಿ ದಾಟಿದವರು ದಯವಿಟ್ಟು ತಿಳಿಸಿ.

ಕೊನೆಯ ಸೆಮಿಸ್ಟರ್, ಜಯಲಕ್ಷ್ಮೀಪುರಂ:

ತಮ್ಮ, ನಾನೂ ಇದೇ ಪತ್ರಿಕೆಯನ್ನು ಎರಡು ಸೆಮಿಸ್ಟರ್ ಓದಿ ಹೊರಬಂದವಳು. ನಿಮ್ಮ ತೊಂದರೆ ಜಪಾನೀಸಿನದಲ್ಲ, ನಡುವೆ ನಿಂತಿರುವ ಇಂಗ್ಲಿಷಿನದು. ಅದನ್ನು ನಡುವಿನಿಂದ ತೆಗೆದುಬಿಟ್ಟರೆ ಇಂಗ್ಲಿಷ್ ಮಾಧ್ಯಮದ ಗೆಳೆಯರಿಗಿಂತ ನಿಮಗೇ ದಾರಿ ಹತ್ತಿರವಾಗುತ್ತದೆ. ಸಮಾಧಾನ ಹೇಳಲು ಬರೆದ ಮಾತಲ್ಲ ಇದು. ನನ್ನ ನೋಟ್‌ಬುಕ್ಕಿನಲ್ಲಿದ್ದ ಉದಾಹರಣೆಗಳನ್ನೇ ಕೊಡುತ್ತೇನೆ.

ಮೊದಲು ಆ ಅಜ್ಜಿಯ ವಿಷಯ. ಅತ್ತೆ ಅಥವಾ ಚಿಕ್ಕಮ್ಮ ಎಂದರೆ ಒಬಸನ್. ಅಜ್ಜಿ ಎಂದರೆ ಒಬಾಸನ್. ವ್ಯತ್ಯಾಸ ಒಂದು ದೀರ್ಘದ್ದು ಮಾತ್ರ. ಇಂಗ್ಲಿಷ್ ಅಕ್ಷರದಲ್ಲಿ ಆ ದೀರ್ಘವನ್ನು ತೋರಿಸಲು ಮೇಲೊಂದು ಗೆರೆ ಎಳೆಯಬೇಕು, ಅವಸರದಲ್ಲಿ ಯಾರೂ ಎಳೆಯುವುದಿಲ್ಲ. ಕನ್ನಡದಲ್ಲಿ ಬರೆದುಕೊಂಡರೆ ತಪ್ಪಲು ಸಾಧ್ಯವೇ ಇಲ್ಲ, ಏಕೆಂದರೆ ಹ್ರಸ್ವ, ದೀರ್ಘ ಎಂಬುದು ಒಂದನೇ ತರಗತಿಯಿಂದಲೇ ನಮ್ಮ ಕೈಗೆ ಬಂದಿರುತ್ತದೆ. ಹ್ರಸ್ವ ಎ, ಒ ನಮಗಿವೆ, ಜಪಾನೀಸಿಗೂ ಇವೆ. ಹಿಂದಿಯ ಲಿಪಿಯಲ್ಲಿ ನೋಟ್ಸ್ ಬರೆದುಕೊಳ್ಳುತ್ತಿದ್ದ ನನ್ನ ಸಹಪಾಠಿಗೆ ಅವುಗಳನ್ನು ತೋರಿಸುವುದೇ ಒಂದು ಪಾಡಾಗಿತ್ತು. ಒತ್ತಕ್ಷರವೂ ಹಾಗೆಯೇ. ಕಿತೆ ಎಂದರೆ ಬಂದು, ಕಿತ್ತೆ ಎಂದರೆ ಅಂಚೆಚೀಟಿ. ಟಿಕೆಟ್ಟಿಗೆ ಕಿಪ್ಪು, ಶಾಲೆಗೆ ಗಕ್ಕೋ. ಕತೆಗೂ ಕತ್ತೆಗೂ ವ್ಯತ್ಯಾಸ ಬಲ್ಲವನಿಗೆ ಇದನ್ನು ಪಾಠ ಮಾಡಬೇಕಾಗಿಲ್ಲ.

ಅದಕ್ಕಿಂತ ಸೊಗಸಾದದ್ದು ಸೊನ್ನೆ. ಕನ್ನಡದಲ್ಲಿ ಕಂಬ, ಬಂತು, ಅಂಕ ಎನ್ನುವಾಗ ಒಂದೇ ಸೊನ್ನೆ ಮೂರು ಕಡೆ ಮೂರು ಬಗೆಯಲ್ಲಿ ಉಚ್ಚಾರವಾಗುತ್ತದೆಯಲ್ಲವೇ? ಜಪಾನೀಸಿನಲ್ಲೂ ಹಾಗೆ ನಡೆದುಕೊಳ್ಳುವ ಒಂದು ಅಕ್ಷರವಿದೆ. ಸೆಂಪೈ ಎಂಬಲ್ಲಿ ಮಕಾರದಂತೆ, ಕಂತನ್ ಎಂಬಲ್ಲಿ ನಕಾರದಂತೆ, ಬ್ಯಾಂಕಿಗೆ ಹೇಳುವ ಗಿಂಕೋ ಎಂಬಲ್ಲಿ ಙಕಾರದಂತೆ ಅದು ಕೇಳಿಸುತ್ತದೆ. ನಮ್ಮ ತರಗತಿಯಲ್ಲಿ ಇದಕ್ಕೆ ಅರ್ಧ ಪುಟದ ನಿಯಮ ಬರೆಸಿದ್ದರು. ನಾನು ಅಂಚಿನಲ್ಲಿ ‘ಸೊನ್ನೆ’ ಎಂದಷ್ಟೇ ಬರೆದುಕೊಂಡೆ.

ಇನ್ನು ವಾಕ್ಯ. ನೀವು ದಿನವೂ ಮಾಡುವ ಕೆಲಸವನ್ನೇ ತೆಗೆದುಕೊಳ್ಳೋಣ: ಪಾಂಡವಪುರ ಕರ ಮೈಸೂರು ಮದೆ ದೆಂಶ ದೆ ಕಿಮಸ್. ಪಾಂಡವಪುರದಿಂದ ಮೈಸೂರಿನವರೆಗೆ ರೈಲಿನಲ್ಲಿ ಬರುತ್ತೇನೆ. ಕರ ಎಂದರೆ ಇಂದ, ಮದೆ ಎಂದರೆ ವರೆಗೆ, ದೆ ಎಂದರೆ ಅಲ್ಲಿ. ಒಂದು ಪದವನ್ನೂ ಜಾಗ ಬಿಟ್ಟು ಕದಲಿಸಬೇಕಾಗಿಲ್ಲ, ಕ್ರಿಯಾಪದ ಕೊನೆಯಲ್ಲಿ ಬಂದು ಕೂತಿದೆ, ‘ನಾನು’ ಎಂಬುದನ್ನು ಬಿಟ್ಟರೂ ನಡೆದಿದೆ. ಇದೇ ವಾಕ್ಯವನ್ನು ಇಂಗ್ಲಿಷಿನ ಮೂಲಕ ಕಟ್ಟಹೊರಟರೆ ಕೊನೆಯಿಂದ ಮೊದಲಿಗೆ ಬರಬೇಕು. ‘ನಿನ್ನೆ ಕೊಂಡ ಪುಸ್ತಕ’ ಎಂಬುದು ಕಿನೋ ಕತ್ತ ಹೊನ್. ಇಲ್ಲಿಯೂ ಅದೇ ಮೂರು ಪದ, ಅದೇ ಅನುಕ್ರಮ. ‘ನಾನೂ’ ಎನ್ನಲು ವತಶಿ ಮೊ. ‘ಬರುತ್ತೇನೆ ಎಂದರು’ ಎನ್ನುವಾಗಿನ ನಮ್ಮ ‘ಎಂದು’ ಕೂಡ ‘ತೊ’ ಎಂಬ ರೂಪದಲ್ಲಿ ಮಾತಿನ ನಂತರವೇ ಬರುತ್ತದೆ.

ಪಠ್ಯದಲ್ಲಿ ಆನೆಯ ವಾಕ್ಯವೊಂದು ಬರುತ್ತದೆ: ಜೋ ವ ಹನ ಗ ನಗೈ. ಇಂಗ್ಲಿಷ್ ವಿವರಣೆಯಲ್ಲಿ ಇದಕ್ಕೆ ‘ಆನೆಯ ಮಟ್ಟಿಗೆ ಹೇಳುವುದಾದರೆ, ಮೂಗು ಉದ್ದವಾಗಿದೆ’ ಎಂಬರ್ಥದ ವಕ್ರ ವಾಕ್ಯವನ್ನು ಕೊಟ್ಟಿರುತ್ತಾರೆ, ಅದನ್ನೋದಿ ಇಡೀ ತರಗತಿ ತಲೆ ಕೆರೆದುಕೊಳ್ಳುತ್ತದೆ. ಕನ್ನಡದಲ್ಲಿ ಅದು ‘ಆನೆಗೆ ಸೊಂಡಿಲು ಉದ್ದ’, ಅಷ್ಟೇ.

ಇವತ್ತು ರಾತ್ರಿಯೇ ಹೊಸ ನೋಟ್‌ಬುಕ್ಕೊಂದನ್ನು ತೆಗೆದು, ಎಡಗಡೆ ಜಪಾನೀಸ್, ಬಲಗಡೆ ಕನ್ನಡ ಎಂದು ಗೆರೆ ಎಳೆಯಿರಿ. ಇಂಗ್ಲಿಷಿಗೆ ಕಾಲಂ ಬೇಡ.

ಜರ್ಮನ್ ತರಗತಿಯಿಂದ, ಮಂಡ್ಯ:

ಜರ್ಮನ್ ಸಿಗಲಿಲ್ಲವೆಂದು ಬೇಸರಪಟ್ಟುಕೊಂಡಿದ್ದರೆ ಅದನ್ನು ಬಿಟ್ಟುಬಿಡಿ. ಅಲ್ಲಿ ಪ್ರತಿಯೊಂದು ನಾಮಪದಕ್ಕೂ ಲಿಂಗವಿದೆ ಮತ್ತು ಅದಕ್ಕೂ ಅರ್ಥಕ್ಕೂ ಹೆಚ್ಚಿನ ಸಂಬಂಧವಿಲ್ಲ. ಊಟದ ಮೇಜಿನ ಮೇಲೆ ಚಮಚ ಪುಲ್ಲಿಂಗ, ಫೋರ್ಕು ಸ್ತ್ರೀಲಿಂಗ, ಚಾಕು ನಪುಂಸಕಲಿಂಗ. ಹುಡುಗಿಗೆ ಹೇಳುವ ಮೇಡ್‌ಶೆನ್ ಎಂಬ ಪದವೂ ನಪುಂಸಕಲಿಂಗ. ಕನ್ನಡದಲ್ಲಿ ಅರ್ಥ ನೋಡಿ ಲಿಂಗ ಹೇಳುವ ನಮಗೆ ಇಲ್ಲಿ ಯಾವ ಹಿಡಿಕೆಯೂ ಸಿಗುವುದಿಲ್ಲ, ಪದದ ಜೊತೆಗೇ ಡೇರ್, ಡೀ, ಡಾಸ್ ಸೇರಿಸಿ ಬಾಯಿಪಾಠ ಮಾಡುವುದೊಂದೇ ದಾರಿ. ಹಿಂದಿನ ಸೆಮಿಸ್ಟರಿನಲ್ಲಿ ನನಗೆ ಬ್ಯಾಕ್ ಬಂದಿತ್ತು, ಈಗ ಮತ್ತೆ ಓದುತ್ತಿದ್ದೇನೆ.

ಆದರೆ ಅಕ್ಕ ಹೇಳಿದ ಮಾತು ಜರ್ಮನ್‌ಗೂ ಒಂದು ಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ನಾನು ಕಲಿತದ್ದು ಎಲ್ಲರೆದುರು ಮುಖ ಕೆಂಪಾದ ಮೇಲೆ. ಡಿಸೆಂಬರಿನ ಬೆಳಗಿನ ತರಗತಿ. ನನಗೆ ಚಳಿಯಾಗುತ್ತಿದೆ ಎಂದು ಹೇಳಹೊರಟು, ಇಂಗ್ಲಿಷಿನ ಅಚ್ಚಿನಲ್ಲಿ ಎರಕ ಹೊಯ್ದು ‘ಇಶ್ ಬಿನ್ ಕಾಲ್ಟ್’ ಎಂದೆ. ಉಪನ್ಯಾಸಕರು ನಕ್ಕರು. ಹಾಗೆಂದರೆ ‘ನಾನು ಕರುಣೆಯಿಲ್ಲದವಳು’ ಎಂದಾಗುತ್ತದಂತೆ. ಸರಿಯಾದದ್ದು ‘ಮಿರ್ ಇಸ್ಟ್ ಕಾಲ್ಟ್’. ಮಿರ್ ಎಂದರೆ ನನಗೆ. ನನಗೆ ಚಳಿ. ಚತುರ್ಥೀ ವಿಭಕ್ತಿ! ಕನ್ನಡದಲ್ಲೇ ಯೋಚಿಸಿದ್ದರೆ ತಪ್ಪುತ್ತಲೇ ಇರಲಿಲ್ಲ. ‘ನನಗೆ ಇಷ್ಟವಾಯಿತು’ ಎನ್ನುವುದಕ್ಕೂ ಅದೇ ಮಿರ್ ಬರುತ್ತದೆ. ಅಂದಿನಿಂದ ಅನುಭವ, ಇಷ್ಟ, ನೋವಿನ ವಾಕ್ಯ ಎದುರಾದಾಗಲೆಲ್ಲ ಮೊದಲು ಕನ್ನಡದಲ್ಲಿ ಹೇಳಿಕೊಂಡು ನೋಡುತ್ತೇನೆ.

ಅತಿಥಿ ಉಪನ್ಯಾಸಕಿ, ಮೈಸೂರು:

ನಾನು ಕೆಲವು ವರ್ಷಗಳಿಂದ ಜಪಾನೀಸ್ ಕಲಿಸುತ್ತಿದ್ದೇನೆ. ಮೇಲಿನ ಮಾತುಗಳಲ್ಲಿ ಹೆಚ್ಚಿನವು ಸರಿ, ಆದರೆ ಒಂದನ್ನು ನಾನು ಬಲವಾಗಿ ಒಪ್ಪುವುದಿಲ್ಲ. ಕನ್ನಡದಲ್ಲಿ ಯೋಚಿಸಿ ಎನ್ನುವುದು ಬೇರೆ, ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ ಎನ್ನುವುದು ಬೇರೆ. ಎರಡನೆಯದು ಎರಡು ವಾರ ನಡೆಯಬಹುದು. ಆಮೇಲೂ ಮುಂದುವರಿಸಿದರೆ ಅದೇ ಕಾಲಿಗೆ ತೊಡಕಾಗುತ್ತದೆ.

ಕಾರಣ ಹೇಳುತ್ತೇನೆ. ಕನ್ನಡದಲ್ಲಿ ‘ದೆಸು’ ಎಂದು ಬರೆದುಕೊಂಡ ವಿದ್ಯಾರ್ಥಿ ಕೊನೆಯ ಉಕಾರವನ್ನು ತುಂಬಿ ಹೇಳುತ್ತಾನೆ. ಟೋಕಿಯೋದ ಮಾತಿನಲ್ಲಿ ಅದು ಹೆಚ್ಚುಕಡಿಮೆ ‘ದೆಸ್’ ಎಂದೇ ಕೇಳಿಸುತ್ತದೆ, ‘ಸುಕಿ’ ಎಂಬುದು ‘ಸ್ಕಿ’ ಆಗುತ್ತದೆ. ಬರೆದದ್ದನ್ನು ಬರೆದ ಹಾಗೆ ಓದುವ ನಮ್ಮ ಒಳ್ಳೆಯ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಹಶಿ ಎಂಬ ಪದವನ್ನು ಸ್ವರ ಏರಿಸಿ ಹೇಳಿದರೆ ಸೇತುವೆ, ಇಳಿಸಿ ಹೇಳಿದರೆ ಊಟದ ಕಡ್ಡಿ. ಕನ್ನಡದ ಅಕ್ಷರ ಈ ವ್ಯತ್ಯಾಸವನ್ನು ಹಿಡಿಯಲಾರದು. ಎಲ್ಲಕ್ಕಿಂತ ಮುಖ್ಯವಾಗಿ, ಪರೀಕ್ಷೆಯಲ್ಲಿ ಪ್ರಶ್ನೆ ಬರುವುದು ಜಪಾನೀಸ್ ಲಿಪಿಯಲ್ಲಿ.

ಜಪಾನೀಸಿನ ಸ್ವಂತ ಪದಗಳಿಗೆ ಬಳಸುವ ಹಿರಗನದಲ್ಲಿ ಮೂಲಾಕ್ಷರಗಳು 46, ಹೊರಗಿನ ಪದ, ಹೆಸರುಗಳಿಗೆ ಬಳಸುವ ಕತಕನದಲ್ಲಿಯೂ 46. ಅಕ್ಷರಮಾಲೆಯೊಂದಿಗೆ ಒತ್ತಕ್ಷರ, ಕಾಗುಣಿತಗಳನ್ನೆಲ್ಲ ಕಲಿತ ಕನ್ನಡದ ಮಗುವಿಗೆ ಇದು ದೊಡ್ಡ ಸಂಖ್ಯೆಯಲ್ಲ. ದಿನಕ್ಕೆ ಒಂದು ಸಾಲಿನಂತೆ ತಿದ್ದಿದರೆ ಹತ್ತು ದಿನಕ್ಕೆ ಹಿರಗನ ಮುಗಿಯುತ್ತದೆ. ತಿದ್ದುವಾಗ ಗೀಟುಗಳ ದಿಕ್ಕನ್ನು ಮಾತ್ರ ಹಗುರವಾಗಿ ನೋಡಬೇಡಿ. ಕತಕನದಲ್ಲಿ ಶಿ ಮತ್ತು ತ್ಸು ಎಂಬ ಎರಡು ಅಕ್ಷರಗಳು ಅವಳಿಜವಳಿಗಳಂತೆ ಕಾಣುತ್ತವೆ. ಎರಡರಲ್ಲೂ ಎರಡು ಚಿಕ್ಕ ಗೀಟು, ಒಂದು ಉದ್ದ ಗೀಟು. ಶಿ ಬರೆಯುವಾಗ ಉದ್ದ ಗೀಟನ್ನು ಕೆಳಗಿನಿಂದ ಮೇಲಕ್ಕೆ ಎತ್ತಬೇಕು, ತ್ಸು ಬರೆಯುವಾಗ ಮೇಲಿನಿಂದ ಕೆಳಕ್ಕೆ ಇಳಿಸಬೇಕು. ಪ್ರತಿ ವರ್ಷ ಉತ್ತರ ಪತ್ರಿಕೆಗಳಲ್ಲಿ ಇದೊಂದರಲ್ಲೇ ಎಷ್ಟು ಅಂಕ ಸೋರಿಹೋಗುತ್ತದೆಂದು ಕಂಡಾಗ ಸಂಕಟವಾಗುತ್ತದೆ.

ಕನ್ನಡದ ದಾರಿ ಎಲ್ಲಿ ಕವಲೊಡೆಯುತ್ತದೆ ಎಂಬುದನ್ನೂ ತಿಳಿದಿರಬೇಕು. ‘ಗ್ರಂಥಾಲಯದಲ್ಲಿ ಓದುತ್ತೇನೆ’, ‘ಗ್ರಂಥಾಲಯದಲ್ಲಿ ಪುಸ್ತಕವಿದೆ’ ಎಂಬ ಎರಡಕ್ಕೂ ನಮ್ಮಲ್ಲಿ ಒಂದೇ ‘ಅಲ್ಲಿ’ ಸಾಕು. ಜಪಾನೀಸಿನಲ್ಲಿ ಕೆಲಸ ನಡೆಯುವ ಜಾಗಕ್ಕೆ ‘ದೆ’, ಸುಮ್ಮನೆ ಇರುವ ಜಾಗಕ್ಕೆ ‘ನಿ’. ಕನ್ನಡಿಗರು ಇಲ್ಲಿ ಬೀಳುವಷ್ಟು ಬೇರೆಲ್ಲೂ ಬೀಳುವುದಿಲ್ಲ. ಇನ್ನೊಂದು ‘ಇದೆ’ ಎಂಬ ಪದ. ನಾವು ಹಸುವೂ ಇದೆ, ಮರವೂ ಇದೆ ಎನ್ನುತ್ತೇವೆ, ಮನುಷ್ಯರಿಗೆ ಮಾತ್ರ ಇದ್ದಾನೆ, ಇದ್ದಾರೆ. ಅಲ್ಲಿ ಹಸು, ನಾಯಿ, ಮನುಷ್ಯ ಎಲ್ಲಕ್ಕೂ ಇಮಸ್. ಮರಕ್ಕೆ, ಮೇಜಿಗೆ ಅರಿಮಸ್. ಗೆರೆಯನ್ನು ಬೇರೆ ಕಡೆ ಎಳೆದಿದ್ದಾರೆ ಎಂದುಕೊಂಡರೆ ನೆನಪಿನಲ್ಲಿ ಉಳಿಯುತ್ತದೆ.

ಕೊನೆಯ ಸೆಮಿಸ್ಟರ್, ಜಯಲಕ್ಷ್ಮೀಪುರಂ:

ಮೇಡಂ, ಎರಡು ವಾರದ ಗಡುವನ್ನು ಒಪ್ಪುತ್ತೇನೆ. ನನ್ನ ಮಾತು ಇಂಗ್ಲಿಷ್ ಲಿಪಿಯ ಬದಲಿಗೆ ಎಂಬರ್ಥದ್ದು, ಹಿರಗನದ ಬದಲಿಗೆ ಎಂದಲ್ಲ. ಆದರೂ ಒಂದು ಮಾತು: ಮೊದಲ ಎರಡು ವಾರದಲ್ಲಿ ಧೈರ್ಯ ಕಳೆದುಕೊಂಡವರು ಹಿರಗನದವರೆಗೆ ಬರುವುದೇ ಇಲ್ಲ. ನನ್ನ ತರಗತಿಯಲ್ಲಿ ಹಿಂದಿನ ಬೆಂಚು ಖಾಲಿಯಾದದ್ದು ಆ ಅವಧಿಯಲ್ಲೇ.

ನಿವೃತ್ತ ಕನ್ನಡ ಮೇಷ್ಟ್ರು, ಕುವೆಂಪುನಗರ:

ನನಗೆ ಜಪಾನೀಸ್ ಬಾರದು. ಮೊಮ್ಮಗಳು ಕಲಿಯುತ್ತಿದ್ದಾಳೆ, ಅವಳ ಪುಸ್ತಕದ ಮೇಲೆ ಕಣ್ಣಾಡಿಸಿದವನ ಕುತೂಹಲದಿಂದ ಬರೆಯುತ್ತಿದ್ದೇನೆ. ತಪ್ಪಿದ್ದರೆ ಉಪನ್ಯಾಸಕಿಯವರು ತಿದ್ದಬೇಕು.

ಅವರ ಅಕ್ಷರಮಾಲೆಯ ಕ್ರಮವನ್ನು ನೋಡಿದ ಕೂಡಲೇ ನನಗೆ ಅದು ಪರಿಚಿತವೆನಿಸಿತು. ಸ್ವರಗಳು ಅ ಇ ಉ ಎ ಒ. ವ್ಯಂಜನಗಳ ಸಾಲುಗಳು ಕ ಸ ತ ನ ಹ ಮ ಯ ರ ವ. ಇದು ನಮ್ಮ ವರ್ಣಮಾಲೆಯ ಕ್ರಮವೇ, ಏಕೆಂದರೆ ಮಂತ್ರಗಳ ಶುದ್ಧ ಪಾಠಕ್ಕಾಗಿ ಸಿದ್ಧಂ ಎಂಬ ಹಳೆಯ ಭಾರತೀಯ ಲಿಪಿಯನ್ನೂ ಸಂಸ್ಕೃತದ ವರ್ಣಕ್ರಮವನ್ನೂ ಅಭ್ಯಾಸ ಮಾಡುತ್ತಿದ್ದ ಬೌದ್ಧ ಭಿಕ್ಷುಗಳ ಮೂಲಕ ಅದು ಅಲ್ಲಿ ನೆಲೆಗೊಂಡಿತು. ‘ಚ’ ಇರಬೇಕಾದಲ್ಲಿ ‘ಸ’, ‘ಪ’ ಇರಬೇಕಾದಲ್ಲಿ ‘ಹ’ ಏಕೆ ಬಂತೆಂದು ಕೇಳಬಹುದು. ಹಳೆಯ ಜಪಾನೀಸಿನಲ್ಲಿ ಆ ಸಕಾರದ ಉಚ್ಚಾರ ಚಕಾರಕ್ಕೆ ಸಮೀಪವಾಗಿತ್ತು, ಈಗಿನ ಹಕಾರ ಆಗ ಪಕಾರವಾಗಿತ್ತು. ಇದಕ್ಕೆ ಸಾಕ್ಷಿ ಇಂದಿನ ಲಿಪಿಯಲ್ಲೇ ಉಳಿದಿದೆ: ಕ ಅಕ್ಷರಕ್ಕೆ ಎರಡು ಪುಟ್ಟ ಗೀಟು ಹಾಕಿದರೆ ಗ, ತ ಅಕ್ಷರಕ್ಕೆ ಹಾಕಿದರೆ ದ, ಹ ಅಕ್ಷರಕ್ಕೆ ಹಾಕಿದರೆ ಬ ಆಗುತ್ತದೆ. ಹಕಾರದಿಂದ ಬಕಾರ ಹುಟ್ಟುವುದೆಲ್ಲಿ? ಅದು ಪಕಾರವಾಗಿದ್ದರೆ ತಾನೆ? ಪಾಲು ಹಾಲಾದ, ಪೂ ಹೂವಾದ ಕನ್ನಡದವರು ಇದನ್ನು ಕಂಡು ಆಶ್ಚರ್ಯಪಡಬೇಕಾಗಿಲ್ಲ. ನಾವೂ ಅದೇ ದಾರಿಯಲ್ಲಿ ನಡೆದವರು.

ಮೊಮ್ಮಗಳು ಇದು, ಅದು ಎನ್ನುವುದಕ್ಕೆ ಮೂರು ಪದಗಳಿವೆ ಎಂದು ಗೊಣಗುತ್ತಿದ್ದಳು. ಹೇಳುವವನ ಬಳಿ ಇರುವುದಕ್ಕೆ ಕೊರೆ, ಕೇಳುವವನ ಬಳಿ ಇರುವುದಕ್ಕೆ ಸೊರೆ, ಇಬ್ಬರಿಗೂ ದೂರವಿರುವುದಕ್ಕೆ ಅರೆ. ಹಳಗನ್ನಡದಲ್ಲಿಯೂ ಇದು, ಉದು, ಅದು ಎಂಬ ಮೂರು ಇದ್ದವು. ನಡುವಿನ ‘ಉದು’ವನ್ನು ನಾವು ಕಳೆದುಕೊಂಡೆವು. ಕಳೆದುಕೊಂಡದ್ದನ್ನು ಒಂದು ಸೆಮಿಸ್ಟರಿನ ಮಟ್ಟಿಗೆ ಮತ್ತೆ ಎತ್ತಿಕೋ ಎಂದೆ ಅವಳಿಗೆ.

ಕ್ರಿಯಾಪದಗಳ ವಿಷಯದಲ್ಲಂತೂ ನನಗೆ ರೋಮಾಂಚನವೇ ಆಯಿತು. ‘ತಬೆತೆ’ ಎಂದರೆ ತಿಂದು. ‘ತಬೆತೆ ಮಿರು’ ಎಂದರೆ ತಿಂದು ನೋಡು. ಮಿರು ಎಂಬುದು ಕಣ್ಣಿನಿಂದ ನೋಡುವ ಕ್ರಿಯೆಯೇ, ನಾವು ರುಚಿ ‘ನೋಡು’ವಂತೆ. ‘ವಸುರೆತೆ ಶಿಮೈಮಶಿತ’ ಎಂದರೆ ಮರೆತುಬಿಟ್ಟೆ. ಮರೆತೆ ಎಂಬುದಕ್ಕೂ ಮರೆತುಬಿಟ್ಟೆ ಎಂಬುದಕ್ಕೂ ಇರುವ ಅಂತರವನ್ನು ಇಂಗ್ಲಿಷಿನಲ್ಲಿ ವಿವರಿಸಲು ಒಂದು ಪ್ಯಾರಾ ಬೇಕು. ‘ಮೊತ್ತೆ ಕಿತೆ’ ಎಂದರೆ ತೆಗೆದುಕೊಂಡು ಬಂದು. ತಿಂಡಿ ತಿಂದು, ಬಟ್ಟೆ ಹಾಕಿಕೊಂಡು, ಬಸ್ಸು ಹತ್ತಿ ಕಾಲೇಜಿಗೆ ಹೋದೆ ಎಂದು ನಾವು ಕ್ರಿಯೆಗಳನ್ನು ಪೋಣಿಸುತ್ತೇವಲ್ಲ, ಆ ಪೋಣಿಸುವ ದಾರ ಅವರಲ್ಲಿಯೂ ಇದೆ.

ಹಾಗೆಂದು ಇವೆರಡೂ ಒಂದೇ ತಾಯಿಯ ಮಕ್ಕಳೆಂದು ಯಾರೂ ಸಾರಬಾರದು. ಜಪಾನಿನ ಸುಸುಮು ಓನೋ ಎಂಬ ವಿದ್ವಾಂಸರು ತಮಿಳಿಗೂ ಜಪಾನೀಸಿಗೂ ನಂಟಿದೆಯೆಂದು ವಾದಿಸಿದ್ದರು, ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಒಪ್ಪಿಲ್ಲ. ಮೈಕಟ್ಟು ಹೋಲುತ್ತದೆ, ರಕ್ತಸಂಬಂಧವಿಲ್ಲ. ಪರೀಕ್ಷೆಗೆ ಓದುವ ಹುಡುಗನಿಗೆ ಮೈಕಟ್ಟು ಸಾಕು.

ಅತಿಥಿ ಉಪನ್ಯಾಸಕಿ, ಮೈಸೂರು:

ಮೇಷ್ಟ್ರೇ, ತಿದ್ದಬೇಕಾದದ್ದು ಏನೂ ಇಲ್ಲ. ನಾಳೆಯ ತರಗತಿಯಲ್ಲಿ ‘ಉದು’ವನ್ನು ಬಳಸಿಕೊಳ್ಳಲು ಅನುಮತಿ ಬೇಕು.

ಒಬ್ಬ ತಂದೆ, ಮದ್ದೂರು:

ನನ್ನ ಮಗಳಿಗೂ ಇದೇ ಪತ್ರಿಕೆಯಿದೆ. ಹೊರಗೆ ಕೋಚಿಂಗಿಗೆ ಸೇರಿಸಬೇಕೇ? ಎನ್ 5 ಎಂಬ ಪರೀಕ್ಷೆ ಬರೆಸಿದರೆ ಕಾಲೇಜಿನ ಅಂಕಕ್ಕೆ ಅನುಕೂಲವಾಗುತ್ತದೆಯೇ?

ಅತಿಥಿ ಉಪನ್ಯಾಸಕಿ, ಮೈಸೂರು:

ಸರ್, ಎರಡೂ ಬೇರೆ ಬೇರೆ ಬಗೆಯ ಪರೀಕ್ಷೆಗಳು. ಜಪಾನೀಸ್ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ ಎನ್ 5ರಿಂದ ಎನ್ 1ರವರೆಗೆ ಐದು ಹಂತಗಳಿವೆ, ಎನ್ 5 ಎಲ್ಲಕ್ಕಿಂತ ಕೆಳಗಿನದು. ಭಾರತದಲ್ಲಿ ಅದು ಜುಲೈ ಮತ್ತು ಡಿಸೆಂಬರ್ ತಿಂಗಳ ಮೊದಲ ಭಾನುವಾರ ನಡೆಯುತ್ತದೆ, ನಮಗೆ ಬೆಂಗಳೂರಿನಲ್ಲಿ ಕೇಂದ್ರವಿದೆ. ಒಟ್ಟು 180 ಅಂಕಗಳಲ್ಲಿ 80 ಬಂದರೆ ತೇರ್ಗಡೆ; ಆದರೆ ಪದ, ವ್ಯಾಕರಣ ಮತ್ತು ಓದಿನ ಭಾಗದಲ್ಲಿ 120ಕ್ಕೆ 38, ಆಲಿಸುವ ಭಾಗದಲ್ಲಿ 60ಕ್ಕೆ 19 ಪ್ರತ್ಯೇಕವಾಗಿ ಬರಲೇಬೇಕು. ಅದರಲ್ಲಿ ಎಲ್ಲವೂ ಆಯ್ಕೆಯ ಪ್ರಶ್ನೆಗಳು, ಬರೆಯುವುದೂ ಮಾತನಾಡುವುದೂ ಇಲ್ಲ. ಕಾಲೇಜಿನ ಪರೀಕ್ಷೆಯಲ್ಲಿ ವಾಕ್ಯ ಬರೆಯಬೇಕು. ಮೊಬೈಲಿನಲ್ಲಿ ಆಡುತ್ತಾ ಕಲಿತು ಅಕ್ಷರವನ್ನು ಗುರುತಿಸಬಲ್ಲ, ಆದರೆ ಖಾಲಿ ಹಾಳೆಯ ಮೇಲೆ ಬರೆಯಲಾರದ ಮಕ್ಕಳು ನನ್ನ ತರಗತಿಯಲ್ಲಿ ಪ್ರತಿ ವರ್ಷ ಇರುತ್ತಾರೆ. ಮೊದಲ ಸೆಮಿಸ್ಟರಿಗೆ ಕೋಚಿಂಗ್ ಬೇಕಾಗಿಲ್ಲ, ನಾಲ್ಕು ಗೆರೆಯ ಕಾಪಿ ಪುಸ್ತಕ ಸಾಕು.

ಬಿಡದಿ ಶಿಫ್ಟ್:

ನಾನು ಮದ್ದೂರಿನವನು, ಬಿಡದಿಯ ಬಳಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಡಿಪ್ಲೊಮಾ ಓದುವಾಗ ಈ ಭಾಷೆಯ ಗಾಳಿಯೂ ನನಗೆ ಸೋಕಿರಲಿಲ್ಲ. ಸೇರಿದ ಮೊದಲ ದಿನವೇ ಗೋಡೆಯ ಮೇಲೆ ಐದು ಪದ ಕಂಡವು: ಸೇರಿ, ಸೇತೊನ್, ಸೇಸೋ, ಸೇಕೇತ್ಸು, ಶಿತ್ಸುಕೆ. ಬೇಕಾದ್ದನ್ನೂ ಬೇಡದ್ದನ್ನೂ ಬೇರೆ ಮಾಡುವುದು, ಜೋಡಿಸಿಡುವುದು, ಗುಡಿಸಿ ಒರೆಸುವುದು, ಆ ಸ್ಥಿತಿಯನ್ನು ಕಾಯ್ದುಕೊಳ್ಳುವುದು, ಶಿಸ್ತು. ‘ಸೇರಿ’ ಎಂದರೆ ಬೇರೆ ಮಾಡುವುದು ಎಂಬುದು ತಲೆಗೆ ಹೋಗಲು ನನಗೆ ಒಂದು ವಾರ ಹಿಡಿಯಿತು, ಏಕೆ ಎಂದು ಕನ್ನಡದವರಿಗೆ ಹೇಳಬೇಕಾಗಿಲ್ಲ.

ಸಂಖ್ಯೆಗಳನ್ನು ಮಾತ್ರ ಉರು ಹೊಡೆಯಿರಿ. ಅವರ ಲೆಕ್ಕದಲ್ಲಿ ಸಾವಿರದ ಮೇಲಿನ ಮೆಟ್ಟಿಲು ಹತ್ತು ಸಾವಿರ, ಅದಕ್ಕೆ ‘ಮನ್’ ಎನ್ನುತ್ತಾರೆ. ಲಕ್ಷವೆಂದರೆ ಹತ್ತು ಮನ್, ಅಂದರೆ ಜೂಮನ್. ಕೋಟಿಯೆಂದರೆ ಸಾವಿರ ಮನ್. ಒಮ್ಮೆ ಮೀಟಿಂಗಿನಲ್ಲಿ ಜೂಮನ್ ಎಂದದ್ದನ್ನು ನಾನು ಹತ್ತು ಸಾವಿರ ಬಿಡಿಭಾಗ ಎಂದು ಬರೆದುಕೊಂಡೆ. ಮೇಲ್ವಿಚಾರಕರು ಹಾಳೆಯನ್ನು ಇಣುಕಿ ನೋಡಿ ಒಂದು ಸೊನ್ನೆ ಸೇರಿಸಿದ್ದರಿಂದ ಬಚಾವಾದೆ. ಲಕ್ಷ, ಕೋಟಿಯಲ್ಲಿ ಎಣಿಸುವ ನಮಗೂ, ಮಿಲಿಯನ್ ಎನ್ನುವವರಿಗೂ ಇಲ್ಲಿ ಸಮನಾದ ಕಷ್ಟ.

ಕೆಲಸದ ಜಾಗದಲ್ಲಿ ಯಾರೂ ಶುದ್ಧ ವ್ಯಾಕರಣ ಕೇಳುವುದಿಲ್ಲ. ಶಿಫ್ಟ್ ಮುಗಿಸಿ ಹೊರಡುವಾಗ ‘ಒತ್ಸುಕರೆಸಮ ದೆಶಿತ’ ಎಂದರೆ ಎದುರಿನವರ ಮುಖ ಅರಳುತ್ತದೆ. ‘ದಣಿದಿದ್ದೀರಿ’ ಎಂಬ ಅರ್ಥದ ಮಾತು, ಊರಿನಲ್ಲಿ ಗದ್ದೆಯಿಂದ ಬಂದವರಿಗೆ ‘ಸಾಕಾಗಿದ್ದೀರಿ, ಕೂತ್ಕೊಳ್ಳಿ’ ಎನ್ನುತ್ತೇವಲ್ಲ, ಹಾಗೆ.

ಪಾಂಡವಪುರದ ಹುಡುಗ:

ಐದು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಎರಡನೇ ಇಂಟರ್ನಲ್ಸ್‌ನಲ್ಲಿ 50ಕ್ಕೆ 33 ಬಂದಿದೆ.

ಅಕ್ಕ ಹೇಳಿದಂತೆ ಇಂಗ್ಲಿಷ್ ಕಾಲಮ್ಮಿಲ್ಲದ ನೋಟ್‌ಬುಕ್ ಮಾಡಿಕೊಂಡೆ. ಮೇಡಂ ಕೊಟ್ಟ ಎರಡು ವಾರದ ಗಡುವು ನನ್ನ ಮಟ್ಟಿಗೆ ಮೂರು ವಾರವಾಯಿತು. ಕತಕನವನ್ನು ರೈಲಿನಲ್ಲೇ ಕಲಿತೆ. ನಿಲ್ದಾಣ ಬಂದಾಗಲೆಲ್ಲ ಅದರ ಹೆಸರನ್ನು ಕತಕನದಲ್ಲಿ ಬರೆಯುವುದು ಎಂದು ನಿಯಮ ಮಾಡಿಕೊಂಡಿದ್ದೆ. ಅವರಿಗೆ ಟಕಾರವಿಲ್ಲ, ಣಕಾರವಿಲ್ಲ, ಲ, ಳ, ರ ಮೂರಕ್ಕೂ ಒಂದೇ ಅಕ್ಷರ, ಎರಡು ಬೇರೆ ಬೇರೆ ವ್ಯಂಜನ ಕೂಡಿ ನಿಲ್ಲುವ ಹಾಗೂ ಇಲ್ಲ. ಆದ್ದರಿಂದ ಶ್ರೀರಂಗಪಟ್ಟಣ ‘ಶುರೀರಂಗಪತ್ತನ’ವಾಯಿತು, ನಾಗನಹಳ್ಳಿ ‘ನಾಗನಹರ್ರಿ’ಯಾಯಿತು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, ಇದೇನಪ್ಪ ಕೋಳಿ ಕೆರೆದ ಹಾಗೆ ಎಂದು ಕೇಳಿದರು. ಮೈಸೂರು ಮಾತ್ರ ಮೈಸೂರಾಗಿಯೇ ಉಳಿಯಿತು, ಕೊನೆಯ ಉಕಾರದ ಸಮೇತ. ಆಗ ಹೊಳೆದದ್ದು: ಬಸ್ಸು, ಕ್ಲಾಸು ಎಂದು ನಾವು ಇಂಗ್ಲಿಷ್ ಪದದ ಬಾಲಕ್ಕೆ ಉಕಾರ ಅಂಟಿಸುವಂತೆ ಅವರೂ ಬಸು, ಕುರಸು ಎನ್ನುತ್ತಾರೆ. ಇಂಗ್ಲಿಷಿನಿಂದ ಬಂದ ಪದ ಕೇಳಿದಾಗ ನಮ್ಮಜ್ಜಿ ಅದನ್ನು ಹೇಗೆ ಹೇಳುತ್ತಿದ್ದರು ಎಂದು ಯೋಚಿಸಿದರೆ ಸಾಕು, ಅರ್ಧ ಉತ್ತರ ಸಿಕ್ಕಿರುತ್ತದೆ.

ಕಳೆದುಕೊಂಡ ಅಂಕಗಳಲ್ಲಿ ಆರು ‘ನಿ’ ಮತ್ತು ‘ದೆ’ಗೆ ಹೋಗಿವೆ. ಮೇಡಂ ಎಚ್ಚರಿಸಿದ್ದ ಗುಂಡಿಯಲ್ಲೇ ಬಿದ್ದೆ.

ಈಗ ಹೊಸ ತೊಡಕು ಬಂದಿದೆ. ದಸರಾ ಬಗ್ಗೆ ಹತ್ತು ವಾಕ್ಯ ಬರೆದು ತರಬೇಕು. ಅಂಬಾರಿ 750 ಕಿಲೋ ತೂಕ ಎಂಬುದನ್ನು ‘ನನಹ್ಯಕು ಗೊಜುಕ್ಕಿರೊ’ ಎಂದು ಬರೆದಿದ್ದೇನೆ. ಆನೆಗಳನ್ನು ಎಣಿಸುವುದು ಹೇಗೆಂದು ತಿಳಿಯುತ್ತಿಲ್ಲ. ಜನರನ್ನು ಎಣಿಸಲು ಹಿತೊರಿ, ಫುತರಿ, ಸನ್ನಿನ್ ಎಂಬುದು ಒಬ್ಬರು, ಇಬ್ಬರು, ಮೂವರು ಎಂಬುದರಂತೆ ಸುಲಭವಾಗಿ ಬಂತು. ಪ್ರಾಣಿಗಳಿಗೆ ‘ಹಿಕಿ’ ಎಂದು ಪಠ್ಯದಲ್ಲಿದೆ, ಆದರೆ ಕೊಟ್ಟಿರುವ ಚಿತ್ರಗಳು ಬೆಕ್ಕು ಮತ್ತು ಮೀನಿನವು. ಆನೆಗೂ ಅದೇ ನಡೆಯುತ್ತದೆಯೇ?

ಅತಿಥಿ ಉಪನ್ಯಾಸಕಿ, ಮೈಸೂರು:

ಹಿಕಿ ಚಿಕ್ಕ ಪ್ರಾಣಿಗಳಿಗೆ. ಆನೆ, ಕುದುರೆ, ಹಸುವಿನಂತಹ ದೊಡ್ಡ ಪ್ರಾಣಿಗಳನ್ನು ತಲೆಯ ಲೆಕ್ಕದಲ್ಲಿ ಎಣಿಸುತ್ತಾರೆ, ಅದಕ್ಕೆ ‘ತೋ’ ಎಂಬ ಪ್ರತ್ಯಯ. ಇತ್ತೋ, ನಿತೋ, ಸಂತೋ, ಯೊಂತೋ, ಗೊತೋ, ರೊಕುತೋ, ನನತೋ, ಹತ್ತೋ, ಕ್ಯೂತೋ, ಜುತ್ತೋ.

ಪಾಂಡವಪುರದ ಹುಡುಗ:

ಮೇಡಂ, ಹಾಗಾದರೆ ಒಂದು ಆನೆ ಇದ್ದರೆ ‘ಇತ್ತೋ’, ಎಂಟು ಇದ್ದರೆ ‘ಹತ್ತೋ’ ಎನ್ನಬೇಕೇ?

ಅತಿಥಿ ಉಪನ್ಯಾಸಕಿ, ಮೈಸೂರು:

ಹೌದು, ಎಂಟಕ್ಕೇ ಹತ್ತೋ, ಹತ್ತಕ್ಕೆ ಜುತ್ತೋ. ಈ ಒಂದನ್ನು ಮಾತ್ರ ಕನ್ನಡದಲ್ಲಿ ಬರೆದುಕೊಳ್ಳಬೇಡಿ.